ಕಣ್ಣಿಗೆ ಕಾಣದ ಮೋರಿ



ಕಳೆದ ತಿಂಗಳ ಸಭೆ ಮುಗಿದು ಎಲ್ಲರೂ ಲೋಕಲ್ ಗಾಡಿಯ ಹೊತ್ತಾಯಿತೆಂದು ಎದ್ದು ನಿಂತಾಗ, ವಿಜಾಪುರದ ಕಡೆಯ ಒಬ್ಬ ಸದಸ್ಯರು ನನ್ನನ್ನು ಮೆಟ್ಟಲಿನ ಬಳಿಗೆ ಕರೆದರು. ಅವರು ಠಾಣೆಯಿಂದಾಚೆ ಬಣ್ಣದ ರಸಾಯನ ತಯಾರಿಸುವ ಒಂದು ಕಾರಖಾನೆಯಲ್ಲಿ ಕಂತ್ರಾಟುದಾರನ ಕೈಕೆಳಗೆ ದುಡಿಯುವವರು. ಅವರ ಹೆಸರು ಇಲ್ಲಿ ಬೇಡ, ಕಾರಖಾನೆಯ ಹೆಸರೂ ಬೇಡ. ಅವರು ಹೇಳಿದ್ದು ಇಷ್ಟು: ಶೆಡ್ಡಿನ ಹಿಂದೆ ತಗಡು ಮುಚ್ಚಿದ ಒಂದು ಬೋರ್‌ವೆಲ್ ಇದೆ. ಅದರಿಂದ ಯಾರೂ ನೀರು ಎತ್ತುವುದಿಲ್ಲ. ರಾತ್ರಿ ಪಾಳಿಯಲ್ಲಿ ಒಂದು ಮೋಟಾರು ಓಡುತ್ತದೆ. ಸಂಜೆ ತೊಟ್ಟಿ ತುಂಬ ಇದ್ದ ಕೆಂಪು ನೀರು ಬೆಳಗಾಗುವಷ್ಟರಲ್ಲಿ ಇರುವುದಿಲ್ಲ.

"ಅಣ್ಣಾ, ಹೇಳಿದ್ರ ನೌಕರಿ ಹೋಗ್ತೈತಿ, ಹೇಳದಿದ್ರ ಊರ ನೀರು ಹೋಗ್ತೈತಿ. ನಾ ಏನ್ ಮಾಡ್ಲಿ?" ಎಂದು ಕೇಳಿದರು.

ಪಕ್ಕದಲ್ಲಿ ನಿಂತಿದ್ದ ನಮ್ಮ ಹಿರಿಯರೊಬ್ಬರು, "ನಮಗ್ಯಾಕೆ ಆ ಉಸಾಬರಿ? ಸಂಘ ಇರುವುದು ಪಗಾರಕ್ಕೆ, ಬೋನಸಿಗೆ, ರಜೆಗೆ. ನೆಲದೊಳಗೆ ಹೋದದ್ದು ನೆಲದೊಳಗೇ ಇರುತ್ತದೆ, ಬಿಡಿ" ಎಂದರು.

ಆ ಹಿರಿಯರ ಮೇಲೆ ನನಗೆ ಗೌರವವಿದೆ. ಹೋಟೆಲಿನ ಮೋರಿಯ ಬಳಿ ಲೋಟ ತೊಳೆಯುತ್ತಿದ್ದ ನನ್ನನ್ನು ಕೈಹಿಡಿದು ಸಂಘಕ್ಕೆ ಕರೆತಂದವರೇ ಅವರು. ಆದರೂ ಅವರ ಮಾತಿನ ಎರಡು ಭಾಗವೂ ತಪ್ಪೆಂದು ನನಗೆ ಅನ್ನಿಸಿತು. ನೆಲದೊಳಗೆ ಹೋದದ್ದು ನೆಲದೊಳಗೇ ಇರುವುದಿಲ್ಲ ಎಂಬುದು ಒಂದು. ಅದು ನಮ್ಮ ಉಸಾಬರಿಯೇ ಎಂಬುದು ಇನ್ನೊಂದು. ಏಳನೆಯ ಇಯತ್ತೆಯವರೆಗೆ ಓದಿದವನು ನಾನು. ತಿಳಿದವರನ್ನು ಕೇಳಿ, ಸಿಕ್ಕಿದ್ದನ್ನು ಓದಿ, ತಿಳಿದುಕೊಂಡದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಓದಿ, ಮುಂದಿನ ಸಭೆಯಲ್ಲಿ ನಿಮ್ಮ ಅಭಿಪ್ರಾಯ ಹೇಳಿರಿ.

ಮೊದಲು ಒಂದು ಮಾತು ನ್ಯಾಯವಾಗಿ ಹೇಳಬೇಕು. ಕಾರಖಾನೆಯ ಹೊಲಸು ನೀರನ್ನು ಭೂಮಿಯ ಆಳಕ್ಕೆ ಇಳಿಸುವುದು ಕಳ್ಳರ ಕೆಲಸವೆಂದೇ ಹುಟ್ಟಿದ ಪದ್ಧತಿಯಲ್ಲ. ಅಮೇರಿಕಾದಲ್ಲಿ ಅದಕ್ಕೆ ಶಾಸ್ತ್ರವಿದೆ, ಕಾಯಿದೆಯಿದೆ, ಪರವಾನಗಿಯಿದೆ. ಎಣ್ಣೆ ತೆಗೆಯುವವರು ಎಣ್ಣೆಯ ಜೊತೆಗೆ ಮೇಲೆ ಬರುವ ಉಪ್ಪುನೀರನ್ನು ಮರಳಿ ಆಳಕ್ಕೆ ತಳ್ಳುವುದರಿಂದ ಇದು ಬೆಳೆಯಿತು. ಮುಂದೆ ರಸಾಯನದ ಕಾರಖಾನೆಗಳೂ ಅದೇ ದಾರಿ ಹಿಡಿದವು.

ಅದರ ಕ್ರಮ ಹೀಗೆ. ಕುಡಿಯುವ ನೀರಿನ ಪದರಗಳೆಲ್ಲ ಮುಗಿದ ಮೇಲೆ, ಅವುಗಳಿಗಿಂತ ಬಹಳ ಕೆಳಗೆ, ಸಾವಿರಾರು ಅಡಿ ಆಳದಲ್ಲಿ, ಸಣ್ಣ ಸಣ್ಣ ರಂಧ್ರಗಳಿರುವ ಮರಳುಗಲ್ಲಿನಂಥ ಪದರವೊಂದನ್ನು ಹುಡುಕುತ್ತಾರೆ. ಅದರ ಮೇಲೆ ನೀರು ಬಿಡದ ಜೇಡಿಗಲ್ಲಿನ ದಪ್ಪ ಮುಚ್ಚಳ ಇರಬೇಕು. ಬಾವಿಗೆ ಒಂದರೊಳಗೊಂದು ಉಕ್ಕಿನ ಕೊಳವೆ ಇಳಿಸಿ, ಕೊಳವೆಗೂ ಬಂಡೆಗೂ ನಡುವಿನ ಜಾಗಕ್ಕೆ ಸಿಮೆಂಟು ತುಂಬುತ್ತಾರೆ. ಹೊಲಸು ಇಳಿಯುವುದು ಎಲ್ಲಕ್ಕಿಂತ ಒಳಗಿನ ಕೊಳವೆಯಲ್ಲಿ. ಅದರ ಸುತ್ತಲಿನ ಪೊಳ್ಳು ಜಾಗದಲ್ಲಿ ಬೇರೆ ದ್ರವ ತುಂಬಿ, ಅದರ ಒತ್ತಡವನ್ನು ಯಂತ್ರದಿಂದ ಸದಾ ನೋಡುತ್ತಿರುತ್ತಾರೆ. ಒತ್ತಡ ಇಳಿಯಿತೆಂದರೆ ಎಲ್ಲೋ ಸೋರುತ್ತಿದೆ ಎಂದು ಅರ್ಥ, ಕೂಡಲೇ ನಿಲ್ಲಿಸಬೇಕು. 1974ರಲ್ಲಿ ಅಲ್ಲಿ ಕುಡಿಯುವ ನೀರಿನ ರಕ್ಷಣೆಗೆ ಕಾಯಿದೆ ಬಂತು. 1980ರಲ್ಲಿ ಇಂಥ ಬಾವಿಗಳಿಗೆ ನಿಯಮಗಳಾದವು. ಅಪಾಯಕಾರಿ ಹೊಲಸನ್ನು ಇಳಿಸುವವನು, ಅದು ಹತ್ತು ಸಾವಿರ ವರ್ಷ ಆ ಪದರ ಬಿಟ್ಟು ಕದಲುವುದಿಲ್ಲವೆಂದು ಸರಕಾರಕ್ಕೆ ತೋರಿಸಿಕೊಡಬೇಕೆಂಬ ನಿಯಮವೂ ಉಂಟು. ಹತ್ತು ಸಾವಿರ ವರ್ಷ! ನಮ್ಮ ಕಂತ್ರಾಟುದಾರರು ಹತ್ತು ತಿಂಗಳ ಮಸ್ಟರು ತೋರಿಸಲಾರರು.

ಇಷ್ಟೆಲ್ಲ ಕಟ್ಟುಪಾಡು ಸುಮ್ಮನೆ ಬಂದದ್ದಲ್ಲ; ಪೆಟ್ಟು ತಿಂದ ಮೇಲೆ ಬಂದದ್ದು. ಆ ಪೆಟ್ಟಿನ ಕತೆಯನ್ನು ನಾವು ತಿಳಿಯಬೇಕು.

ಕೊಲರಾಡೋ ಸಂಸ್ಥಾನದ ಡೆನ್ವರ್ ನಗರದ ಬಳಿ 1942ರಲ್ಲಿ ಅಮೇರಿಕದ ಸೈನ್ಯ ಒಂದು ಶಸ್ತ್ರಾಗಾರ ಕಟ್ಟಿತು. ರಾಕಿ ಮೌಂಟನ್ ಆರ್ಸೆನಲ್ ಎಂದು ಅದರ ಹೆಸರು. ಯುದ್ಧಕ್ಕೆ ಬೇಕಾದ ವಿಷದ ಅನಿಲಗಳು ಅಲ್ಲಿ ತಯಾರಾದವು. ಯುದ್ಧ ಮುಗಿದ ಮೇಲೆ ಅದೇ ಜಾಗದಲ್ಲಿ ಖಾಸಗಿ ಕಂಪನಿಗಳು ಬಾಡಿಗೆಗೆ ಬಂದು ಕೀಟನಾಶಕ ತಯಾರಿಸಿದವು. ಹೊಲಸು ನೀರನ್ನು ಮೊದಲು ತೆರೆದ ಹೊಂಡಗಳಿಗೆ ಬಿಟ್ಟರು. 1950ರ ದಶಕದ ನಡುವಿನಲ್ಲಿ ಸುತ್ತಲಿನ ರೈತರು ತಮ್ಮ ಬಾವಿಯ ನೀರು ಹಾಯಿಸಿದ ಬೆಳೆ ಸುಟ್ಟುಹೋಗುತ್ತಿದೆ ಎಂದು ದೂರು ಕೊಟ್ಟರು. ಹೊಂಡದ ವಿಷ ನೆಲದೊಳಗಿಂದ ಹರಿದು ಅವರ ಬಾವಿ ಸೇರಿತ್ತು. ಆಗ 1956ರಲ್ಲಿ ಡಾಂಬರು ಹೊದಿಸಿದ ದೊಡ್ಡ ಹೊಂಡ ಮಾಡಿದರು. ಅದೂ ಸಾಲದಾಯಿತು. ಕೊನೆಗೆ 1961ರಲ್ಲಿ 12,045 ಅಡಿ ಆಳದ ಬಾವಿ ಕೊರೆದರು. ಹೆಚ್ಚುಕಡಿಮೆ ಮೂರೂಮುಕ್ಕಾಲು ಕಿಲೋಮೀಟರು ಆಳ!

1962ರ ಮಾರ್ಚಿಯಲ್ಲಿ ಹೊಲಸು ಇಳಿಸತೊಡಗಿದರು. ಏಪ್ರಿಲಿನಲ್ಲಿ ಡೆನ್ವರಿನಲ್ಲಿ ಭೂಮಿ ನಡುಗಿತು. ಅದಾದ ಮೇಲೆ ನಡುಗುತ್ತಲೇ ಹೋಯಿತು. ಸೈನ್ಯದವರು ನಮಗೂ ಇದಕ್ಕೂ ಸಂಬಂಧವಿಲ್ಲವೆಂದರು. 1965ರ ನವೆಂಬರಿನಲ್ಲಿ ಡೇವಿಡ್ ಇವಾನ್ಸ್ ಎಂಬ ಭೂಗರ್ಭಶಾಸ್ತ್ರಜ್ಞರು ಒಂದು ಸರಳವಾದ ಕೆಲಸ ಮಾಡಿದರು. ಯಾವ ತಿಂಗಳು ಎಷ್ಟು ದ್ರವ ಇಳಿಸಿದರು, ಯಾವ ತಿಂಗಳು ಎಷ್ಟು ಸಲ ನೆಲ ನಡುಗಿತು ಎಂಬ ಎರಡು ಲೆಕ್ಕವನ್ನು ಒಂದರ ಪಕ್ಕ ಒಂದು ಇಟ್ಟರು. ಹೆಚ್ಚು ಇಳಿಸಿದ ತಿಂಗಳು ಹೆಚ್ಚು ನಡುಕ, ನಿಲ್ಲಿಸಿದ ತಿಂಗಳು ಕಡಿಮೆ ನಡುಕ. ಗಲ್ಲೆಯ ಲೆಕ್ಕ ನೋಡಿದವರಿಗೆಲ್ಲ ಅರ್ಥವಾಗುವ ಮಾತು. 1966ರ ಫೆಬ್ರವರಿಯಲ್ಲಿ ಇಳಿಸುವುದನ್ನು ನಿಲ್ಲಿಸಿದರು. ಆ ಹೊತ್ತಿಗೆ ಹದಿನಾರೂವರೆ ಕೋಟಿ ಗ್ಯಾಲನ್, ಅಂದರೆ ಸುಮಾರು 62 ಕೋಟಿ ಲೀಟರು ವಿಷದ ನೀರು ಒಳಗೆ ಹೋಗಿತ್ತು. ಹತ್ತು ಸಾವಿರ ಲೀಟರಿನ ನಮ್ಮ ಟ್ಯಾಂಕರು ಲೆಕ್ಕದಲ್ಲಿ 62,000 ಟ್ಯಾಂಕರು.

ನಿಲ್ಲಿಸಿದ ಮೇಲಾದರೂ ಮುಗಿಯಿತೇ? ಇಲ್ಲ. ಎಲ್ಲಕ್ಕಿಂತ ದೊಡ್ಡ ಕಂಪನಗಳು ಬಂದದ್ದು 1967ರಲ್ಲಿ, ನಿಲ್ಲಿಸಿ ಒಂದು ವರ್ಷ ದಾಟಿದ ಮೇಲೆ. ಆಗಸ್ಟಿನಲ್ಲಿ ಆದ ಕಂಪನದ ಪ್ರಮಾಣ 5ರ ಸುಮಾರು. ಹತ್ತು ಲಕ್ಷ ಡಾಲರಿಗೂ ಮಿಕ್ಕಿ ನಷ್ಟವಾಯಿತು. ಮೇಲೆ ಮೋಟಾರು ನಿಲ್ಲಿಸಿದರೂ ಕೆಳಗೆ ತಳ್ಳಿದ ಒತ್ತಡ ಬಂಡೆಯ ಬಿರುಕುಗಳಲ್ಲಿ ಮುಂದೆ ಮುಂದೆ ಹರಿಯುತ್ತಲೇ ಇತ್ತು.

ಇದು ಹೇಗೆ ಆಗುತ್ತದೆ ಎಂದು ಹೋಟೆಲಿನವನ ಭಾಷೆಯಲ್ಲಿ ಹೇಳುತ್ತೇನೆ. ಇಡ್ಲಿ ಸಾಂಬಾರನ್ನು ಹೀರುವಂತೆ ಆಳದ ಕಲ್ಲು ಹೊಲಸನ್ನು ಹೀರಿಕೊಳ್ಳುತ್ತದೆ ಎಂದು ನಾವು ತಿಳಿಯುತ್ತೇವೆ. ಆದರೆ ಆ ಇಡ್ಲಿ ಮೊದಲೇ ನೆನೆದು ಕೂತಿದೆ. ಆಳದ ಬಂಡೆಯ ರಂಧ್ರ, ಬಿರುಕುಗಳಲ್ಲೆಲ್ಲ ಮೊದಲೇ ಉಪ್ಪುನೀರು ತುಂಬಿರುತ್ತದೆ. ಹೊಸದನ್ನು ತುರುಕಬೇಕಾದರೆ ಒತ್ತಡ ಹಾಕಲೇಬೇಕು. ಆ ಒತ್ತಡ ಬಿರುಕಿನ ಎರಡು ಬದಿಯ ಬಂಡೆಗಳ ನಡುವೆ ನುಗ್ಗಿ, ಒಂದಕ್ಕೊಂದು ಬಿಗಿಯಾಗಿ ಕಚ್ಚಿಕೊಂಡಿದ್ದ ಬಂಡೆಗಳನ್ನು ಸಡಿಲಿಸುತ್ತದೆ. ಎಷ್ಟೋ ಕಾಲದಿಂದ ಜಾರಲು ಕಾದು ನಿಂತ ಬಂಡೆ ಜಾರುತ್ತದೆ. ಅದೇ ಭೂಕಂಪ.

ದೂರದ ಊರಿನ ಕತೆಯೆನ್ನಬೇಡಿ. ಅದೇ 1967ರ ಡಿಸೆಂಬರ್ 11ರಂದು ನಮ್ಮ ಕೊಯ್ನಾದಲ್ಲಿ ಭೂಕಂಪವಾಯಿತು. ನೂರೆಪ್ಪತ್ತಕ್ಕೂ ಹೆಚ್ಚು ಜನ ಸತ್ತರು; ಮುಂಬಯಿಯಲ್ಲಿಯೂ ಜನ ಹಾಸಿಗೆ ಬಿಟ್ಟು ಎದ್ದರು. ಅಲ್ಲಿ ಯಾರೂ ಹೊಲಸು ಇಳಿಸಿರಲಿಲ್ಲ ನಿಜ. ಆದರೆ ಅಣೆಕಟ್ಟಿನಲ್ಲಿ ತುಂಬಿದ ನೀರಿನ ಭಾರ ಮತ್ತು ಬಿರುಕಿಗೆ ಇಳಿದ ನೀರಿನ ಒತ್ತಡ ಆ ಕಂಪನಕ್ಕೆ ಕಾರಣವೆಂದು ಶಾಸ್ತ್ರಜ್ಞರು ಬಹಳ ಮಟ್ಟಿಗೆ ಒಪ್ಪಿದ್ದಾರೆ. ನಮ್ಮ ಕಾಲ ಕೆಳಗಿನ ಕರಿಕಲ್ಲು ಗಟ್ಟಿಯಾಗಿ ಕಾಣುತ್ತದೆ. ಆದರೆ ಒಳಗೆ ಬಿರುಕು ಉಂಟು, ಬಿರುಕಿನಲ್ಲಿ ನೀರು ನಡೆಯುತ್ತದೆ.

ಅಮೇರಿಕದವರೂ ಒಂದೇ ಪೆಟ್ಟಿಗೆ ಬುದ್ಧಿ ಕಲಿಯಲಿಲ್ಲ. 1968ರ ಏಪ್ರಿಲಿನಲ್ಲಿ ಪೆನ್ಸಿಲ್ವೇನಿಯಾದ ಈರಿ ಎಂಬ ಊರಿನ ಕಾಗದ ಗಿರಣಿಯೊಂದರ ಹೊಲಸು ಬಾವಿ ಒಡೆದು, ಆಳಕ್ಕೆ ಇಳಿಸಿದ್ದು ಕಾರಂಜಿಯಂತೆ ಮೇಲೆ ಚಿಮ್ಮಿತು. ಸುಮಾರು ಮೂರು ವಾರ ಈರಿ ಸರೋವರಕ್ಕೆ ಹರಿಯಿತು. ಓಕ್ಲಾಹೋಮಾ ಸಂಸ್ಥಾನದಲ್ಲಿ ಎಣ್ಣೆ ಬಾವಿಗಳ ಉಪ್ಪುನೀರನ್ನು ಲೆಕ್ಕವಿಲ್ಲದೆ ಆಳಕ್ಕೆ ತಳ್ಳಿದರು. ಹಿಂದೆ ವರ್ಷಕ್ಕೆ ಒಂದೆರಡು ಸಲ ಆಗುತ್ತಿದ್ದ ಪ್ರಮಾಣ 3ಕ್ಕೆ ಮೇಲ್ಪಟ್ಟ ಭೂಕಂಪ, 2015ನೆಯ ಒಂದೇ ವರ್ಷದಲ್ಲಿ ಸುಮಾರು 900 ಸಲ ಆಯಿತು. 2016ರ ಸೆಪ್ಟೆಂಬರಿನಲ್ಲಿ ಪಾನೀ ಎಂಬ ಊರಿನ ಬಳಿ 5.8 ಪ್ರಮಾಣದ ಕಂಪನವಾಯಿತು. ಇಳಿಸುವುದನ್ನು ಕಡಿಮೆ ಮಾಡಿದ ಮೇಲೆ ಕಂಪನಗಳೂ ಕಡಿಮೆಯಾದವು. ಡೆನ್ವರಿನ ಪಾಠವನ್ನು ಐವತ್ತು ವರ್ಷದ ಮೇಲೆ ಮತ್ತೆ ಓದಬೇಕಾಯಿತು.

ಈಗ ನಮ್ಮ ಸದಸ್ಯರು ಹೇಳಿದ ಬೋರ್‌ವೆಲ್ಲಿಗೆ ಬರೋಣ. ಅದಕ್ಕೂ ಮೇಲೆ ಹೇಳಿದ ಬಾವಿಗೂ ಹೋಲಿಕೆಯೇ ಇಲ್ಲ. ಅದರ ಆಳ ಕೆಲವು ನೂರು ಅಡಿ. ಅಂದರೆ ಊರಿನವರು ಕುಡಿಯಲು, ತೋಟಕ್ಕೆ ಹಾಯಿಸಲು ನೀರು ಎತ್ತುವ ಆಳ ಅದೇ. ಉಕ್ಕಿನ ಮೂರು ಸುತ್ತಿಲ್ಲ, ಸಿಮೆಂಟಿಲ್ಲ, ಒತ್ತಡದ ಯಂತ್ರವಿಲ್ಲ, ಮೇಲೆ ಜೇಡಿಗಲ್ಲಿನ ಮುಚ್ಚಳವಿಲ್ಲ. ಇರುವುದು ತಗಡಿನ ಮುಚ್ಚಳ ಒಂದೇ, ಅದೂ ಇನ್ಸ್‌ಪೆಕ್ಟರರ ಕಣ್ಣಿಗೆ. ಕುಡಿಯುವ ನೀರಿನ ಕೊಡದೊಳಗೆ ಕೊಳವೆ ಇಟ್ಟು ವಿಷ ಸುರಿದಂತೆ ಇದು. ಅಲ್ಲಿ ಮೂರು ಕಿಲೋಮೀಟರು ಆಳಕ್ಕೆ, ಶಾಸ್ತ್ರಬದ್ಧವಾಗಿ ಇಳಿಸಿದ್ದೇ ಸುಮ್ಮನಿರಲಿಲ್ಲವೆಂದ ಮೇಲೆ, ಇಲ್ಲಿ ಮುನ್ನೂರು ಅಡಿಗೆ ಇಳಿಸಿದ್ದು ಎಲ್ಲಿ ಸುಮ್ಮನಿರುತ್ತದೆ?

ರಾಜಸ್ಥಾನದ ಉದಯಪುರದ ಬಳಿ ಬಿಛ್ಡಿ ಎಂಬ ಹಳ್ಳಿಯ ಕತೆಯನ್ನು ಕೇಳಿರಿ. ಅಲ್ಲಿ ಬೋರ್‌ವೆಲ್ಲಿಗೆ ಇಳಿಸುವ ಶ್ರಮವನ್ನೂ ತೆಗೆದುಕೊಳ್ಳಲಿಲ್ಲ. ಬರೇ ನೆಲದ ಮೇಲೆ ಬಿಟ್ಟರು. 1980ರ ದಶಕದ ಕೊನೆಯಲ್ಲಿ ಬಣ್ಣದ ಕಚ್ಚಾ ವಸ್ತುವಾದ ಎಚ್ ಆಸಿಡ್ ಅಲ್ಲಿ ತಯಾರಾಗುತ್ತಿತ್ತು. ನಮ್ಮ ಸದಸ್ಯರ ಕಾರಖಾನೆಯದೂ ಬಣ್ಣದ ಕಸುಬೇ ಎಂಬುದನ್ನು ನೆನಪಿಡಿ. ತಯಾರಾದ ಮಾಲು ಸುಮಾರು 375 ಟನ್ನು. ಅದರಿಂದ ಹುಟ್ಟಿದ ಹೊಲಸು ನೀರು ಸುಮಾರು 8,250 ಘನ ಮೀಟರು, ಅಂದರೆ ಎಂಭತ್ತೆರಡೂವರೆ ಲಕ್ಷ ಲೀಟರು. ಅದರ ಮೇಲೆ ಸುಮಾರು 2,440 ಟನ್ನು ಕೆಸರು. ಕಾರಖಾನೆ ನಿಂತಿತು, ಆದರೆ ವಿಷ ನೆಲದೊಳಗೆ ಇಳಿದಿತ್ತು. ಸುತ್ತಲಿನ ಬಾವಿಗಳ ನೀರು ಕೆಂಪಾಯಿತು. ದನಕ್ಕೂ ಬೇಡ, ಹೊಲಕ್ಕೂ ಬೇಡ ಎಂಬಂತಾಯಿತು. ಸುಪ್ರೀಂ ಕೋರ್ಟು 1996ರ ಫೆಬ್ರವರಿಯಲ್ಲಿ, ಕೆಡಿಸಿದವನೇ ಖರ್ಚು ಕೊಡಬೇಕೆಂದು ತೀರ್ಪಿತ್ತಿತು. ಶುದ್ಧಿಗೆ ಬೇಕಾದ ಹಣ 37 ಕೋಟಿ ರೂಪಾಯಿಗೂ ಮಿಕ್ಕಿತ್ತು. ಮಾಲಿಕರು ಅರ್ಜಿಯ ಮೇಲೆ ಅರ್ಜಿ ಹಾಕಿ ವರ್ಷಗಳನ್ನು ಕಳೆದರು. 2011ರಲ್ಲಿ ಕೋರ್ಟು ಅದೇ ಹಣವನ್ನು ಚಕ್ರಬಡ್ಡಿ ಸಮೇತ ಕಟ್ಟಬೇಕೆಂದು ಮತ್ತೆ ಹೇಳಬೇಕಾಯಿತು. ಮಾಲು ತಯಾರಾದದ್ದು ಸ್ವಲ್ಪ ಕಾಲ. ಕೋರ್ಟಿನ ಕೆಲಸ ಇಪ್ಪತ್ತು ವರ್ಷ. ಆ ಇಪ್ಪತ್ತು ವರ್ಷ ಬಿಛ್ಡಿಯ ಹೆಂಗಸರು ಎಲ್ಲಿಂದ ನೀರು ತಂದರೆಂದು ಯಾವ ವಕೀಲನೂ ಲೆಕ್ಕ ಇಡಲಿಲ್ಲ.

ಮಾಲಿಕರು ಇದನ್ನು ಯಾಕೆ ಮಾಡುತ್ತಾರೆ? ರಾಕ್ಷಸರೆಂದು ಮಾಡುವುದಿಲ್ಲ, ಲೆಕ್ಕ ಹಾಕಿ ಮಾಡುತ್ತಾರೆ. ಹೊಲಸು ನೀರನ್ನು ಶುದ್ಧಿ ಮಾಡುವುದಕ್ಕೆ ದುಡ್ಡು ಬೇಕು, ವಿದ್ಯುತ್ತು ಬೇಕು, ಜನ ಬೇಕು. ಸಾಮೂಹಿಕ ಶುದ್ಧೀಕರಣ ಕೇಂದ್ರಕ್ಕೆ ಕಳಿಸಿದರೆ ಅಲ್ಲಿಯೂ ಹಣ ಕಟ್ಟಬೇಕು. ಬೋರ್‌ವೆಲ್ಲಿಗೆ ಒಮ್ಮೆ ಕೊರೆದರೆ ಮುಗಿಯಿತು. ಸಿಕ್ಕಿಬಿದ್ದರೆ ನೋಡೋಣ ಎಂಬ ಧೈರ್ಯ ಬೇರೆ.

ಕಾಯಿದೆ ಇಲ್ಲವೆಂದಲ್ಲ. 1974ರ ಜಲ ಪ್ರದೂಷಣ ಕಾಯಿದೆಯ 24ನೆಯ ಕಲಮು, ತಿಳಿದೂ ತಿಳಿದೂ ವಿಷವನ್ನು ಹೊಳೆಗಾಗಲಿ, ಬಾವಿಗಾಗಲಿ, ಚರಂಡಿಗಾಗಲಿ, ನೆಲದ ಮೇಲಾಗಲಿ ಬಿಡಕೂಡದೆಂದು ಹೇಳುತ್ತದೆ. ಹೊಳೆ ಎಂದರೆ ಭೂಮಿಯೊಳಗಿನ ನೀರೂ ಸೇರಿತೆಂದು ಅದೇ ಕಾಯಿದೆಯ ವ್ಯಾಖ್ಯೆ. ತಪ್ಪಿದವನಿಗೆ ಒಂದೂವರೆ ವರ್ಷದಿಂದ ಆರು ವರ್ಷದವರೆಗೆ ಜೈಲು ಎಂದು ಆ ಕಾಯಿದೆ ಬರೆದಿತ್ತು. 2024ರಲ್ಲಿ ಸಂಸತ್ತು ಇದಕ್ಕೆ ತಿದ್ದುಪಡಿ ತಂದಿತು. ಆ ತಿದ್ದುಪಡಿ ಜಾರಿಯಾದ ಕಡೆ, ಇಂಥ ತಪ್ಪಿಗೆ ಜೈಲಿನ ಬದಲು ಹತ್ತು ಸಾವಿರದಿಂದ ಹದಿನೈದು ಲಕ್ಷ ರೂಪಾಯಿಯವರೆಗೆ ದಂಡ. ವ್ಯಾಪಾರಕ್ಕೆ ಅನುಕೂಲವಾಗಲಿ ಎಂದು ಹೀಗೆ ಮಾಡಿದೆವೆನ್ನುತ್ತಾರೆ. ಯಾರ ವ್ಯಾಪಾರ, ಯಾರ ಅನುಕೂಲ? ದಂಡವೆಂಬುದು ದೊಡ್ಡ ಮಾಲಿಕನಿಗೆ ಇನ್ನೊಂದು ಖರ್ಚಿನ ಬಾಬು, ಅಷ್ಟೇ. ಹೋಟೆಲಿನಲ್ಲಿ ಲೋಟ ಒಡೆದ ಹುಡುಗನ ಪಗಾರದಲ್ಲಿ ಹಣ ಮುರಿಯುತ್ತಾರೆ, ಮರುದಿನ ಗೇಟಿನ ಹೊರಗೂ ಹಾಕುತ್ತಾರೆ. ಊರಿನ ಬಾವಿ ಒಡೆದವನಿಗೆ ರಸೀದಿ ಕೊಟ್ಟು ಕಳಿಸುವುದು ಯಾವ ನ್ಯಾಯ?

ಇನ್ನು ಹಿರಿಯರ ಮೊದಲ ಮಾತಿಗೆ ಬರುತ್ತೇನೆ. ನಮಗ್ಯಾಕೆ ಈ ಉಸಾಬರಿ?

ನಾನು ಹದಿನಾಲ್ಕನೆಯ ವಯಸ್ಸಿನಲ್ಲಿ ಕೆಲಸಕ್ಕಿದ್ದ ಒಂದು ಹೋಟೆಲಿನ ಹಿಂಬದಿಯಲ್ಲಿ ಮೋರಿ ಕಟ್ಟಿಕೊಂಡಿತ್ತು. ನಗರಪಾಲಿಕೆಯ ಜನರನ್ನು ಕರೆಸಿದರೆ ಖರ್ಚೆಂದು ಧಣಿಗಳು ಹಿತ್ತಿಲಲ್ಲಿ ಒಂದು ಗುಂಡಿ ತೋಡಿಸಿ, ಮೋರಿಯ ನೀರನ್ನೆಲ್ಲ ಅದಕ್ಕೆ ತಿರುಗಿಸಿ, ಮೇಲೆ ಚಪ್ಪಡಿ ಎಳೆಸಿದರು. ನಾತ ನಿಂತಿತು, ಗಿರಾಕಿಗಳಿಗೆ ಸಂತೋಷವಾಯಿತು. ಅದೇ ಹಿತ್ತಿಲಲ್ಲಿ ಹಳೆಯ ಬಾವಿಯೊಂದಿತ್ತು. ಗಿರಾಕಿಗಳಿಗೆ ನಳ್ಳಿಯ ನೀರು. ಹುಡುಗರಿಗೆ ಮೀಯಲು, ನಳ್ಳಿ ಬಾರದ ದಿನ ಕುಡಿಯಲು ಆ ಬಾವಿಯ ನೀರು. ಮಳೆಗಾಲ ಮುಗಿಯುವುದರೊಳಗೆ ನಮ್ಮಲ್ಲಿ ಮೂವರಿಗೆ ಕಾಮಾಲೆ ಬಂತು. ಒಬ್ಬನನ್ನು ಊರಿಗೆ ಬಸ್ಸು ಹತ್ತಿಸಿದೆವು. ಅವನು ತಿರುಗಿ ಬರಲಿಲ್ಲ. ಆ ಚಪ್ಪಡಿಯನ್ನು ಹೊತ್ತು ಇಟ್ಟವರು ನಾವೇ ಹುಡುಗರು. ನಮಗೆ ಗೊತ್ತಿತ್ತು, ನಾವು ಹೇಳಲಿಲ್ಲ. ಚಿಕ್ಕವರಿದ್ದೆವು ಎಂದು ಸಮಾಧಾನ ಮಾಡಿಕೊಂಡಿದ್ದೇನೆ. ಈಗ ಚಿಕ್ಕವನಲ್ಲ.

ಎಲ್ಲ ಕಡೆಯೂ ಲೆಕ್ಕ ಹೀಗೆಯೇ ಇದೆ. ಚಪ್ಪಡಿ ಹೊರುವವನು ಕೆಲಸಗಾರ, ಆ ನೀರು ಕುಡಿಯುವವನೂ ಕೆಲಸಗಾರ. ಕಾರಖಾನೆಯ ಮಾಲಿಕ ಅದರ ಪಕ್ಕದಲ್ಲಿ ಮನೆ ಮಾಡಿಲ್ಲ. ಗೇಟಿನ ಹೊರಗಿನ ಚಾಳುಗಳಲ್ಲಿ, ಜೋಪಡಿಗಳಲ್ಲಿ ಇರುವವರು ನಮ್ಮವರು. ನಳ್ಳಿ ಬಾರದ ಕಡೆ ಬೋರ್‌ವೆಲ್ ನೀರಿಗೆ ಸಾಲು ನಿಲ್ಲುವವರು ನಮ್ಮವರು. ಅಷ್ಟೇ ಅಲ್ಲ, ಬೇಸಿಗೆಯಲ್ಲಿ ಈ ನಗರದ ಹೋಟೆಲುಗಳಿಗೆ ಬರುವ ಟ್ಯಾಂಕರಿನ ನೀರು ಬಹಳ ಸಲ ಬಾವಿ, ಬೋರ್‌ವೆಲ್ಲುಗಳದೇ. ಯಾವ ಬಾವಿಯದು ಎಂದು ಯಾರು ಕೇಳುತ್ತಾರೆ?

2022ರ ಜನವರಿ 6ರಂದು ಸೂರತ್ತಿನ ಸಚಿನ್ ಕೈಗಾರಿಕಾ ವಸಾಹತಿನಲ್ಲಿ ಒಂದು ಟ್ಯಾಂಕರಿನಿಂದ ರಾತ್ರಿ ಕಳವಿನಿಂದ ರಸಾಯನವನ್ನು ನಾಲೆಗೆ ಬಿಡುವಾಗ ವಿಷದ ಅನಿಲ ಎದ್ದಿತು. ಸತ್ತವರು ಆರು ಮಂದಿ. ಅವರು ಟ್ಯಾಂಕರಿನ ಮಾಲಿಕರಲ್ಲ, ರಸಾಯನದ ಮಾಲಿಕರೂ ಅಲ್ಲ. ಪಕ್ಕದ ಗಿರಣಿಯ ಕೆಲಸಗಾರರು. ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೇ? ಕಳ್ಳಹೊಲಸು ಮೊದಲು ಮುಟ್ಟುವುದು ಕಾರ್ಮಿಕನ ಮೂಗನ್ನು. ಹೀಗಿರುವಾಗ ಪಗಾರದ ಮಾತು ಮಾತ್ರ ಸಂಘದ್ದು, ನೀರಿನ ಮಾತು ಸಂಘದ್ದಲ್ಲ ಎಂದರೆ ಹೇಗೆ? ಪಗಾರ ತೆಗೆದುಕೊಂಡು ಔಷಧದ ಅಂಗಡಿಗೆ ಕೊಡುವುದಾದರೆ ಆ ಪಗಾರ ಯಾರದು?

ಆದರೆ ಹಿರಿಯರ ಮಾತಿನಲ್ಲಿ ಒಂದು ಸತ್ಯವಿದೆ, ಅದನ್ನು ಮುಚ್ಚಿಡಲಾರೆ. ದೂರು ಕೊಟ್ಟರೆ ಕಾರಖಾನೆಗೆ ಬೀಗ ಬೀಳುತ್ತದೆ; ಬೀಗ ಬಿದ್ದರೆ ಮೊದಲು ಬೀದಿಗೆ ಬೀಳುವವನು ದೂರು ಕೊಟ್ಟವನೇ. ದಿಲ್ಲಿಯಲ್ಲಿ 1996ರ ಜುಲೈಯಲ್ಲಿ ಸುಪ್ರೀಂ ಕೋರ್ಟು 168 ಅಪಾಯಕಾರಿ ಕಾರಖಾನೆಗಳು ಅದೇ ನವೆಂಬರಿನ ಕೊನೆಗೆ ನಗರದಲ್ಲಿ ನಿಲ್ಲಬೇಕೆಂದು ಆಜ್ಞೆ ಮಾಡಿತು. ಕೆಲಸಗಾರರಿಗೆ ಪರಿಹಾರ ಕೊಡಬೇಕೆಂದೂ ಹೇಳಿತು. ಆದರೆ ಪರಿಹಾರ ಬರುವುದು ಮಸ್ಟರಿನಲ್ಲಿ ಹೆಸರಿದ್ದವನಿಗೆ. ಕಂತ್ರಾಟಿನವನಿಗೆ, ಬದಲಿಯವನಿಗೆ, ಹಾಜರಿ ಚೀಟಿಯೇ ಇಲ್ಲದವನಿಗೆ ಯಾವ ಪರಿಹಾರ? ಪಂಜಾಬಿನ ಜೀರಾ ಬಳಿಯಲ್ಲಿ ಮದ್ಯಸಾರದ ಕಾರಖಾನೆಯೊಂದು ಹೊಲಸನ್ನು ನೆಲದೊಳಗೆ ಇಳಿಸುತ್ತಿದೆಯೆಂದು ಆರೋಪಿಸಿ ಹಳ್ಳಿಗರು 2022ರ ಜುಲೈಯಿಂದ ತಿಂಗಳುಗಟ್ಟಲೆ ಧರಣಿ ಕೂತರು. ಕಾರಖಾನೆಯವರು ಒಪ್ಪಲಿಲ್ಲ. 2023ರ ಜನವರಿಯಲ್ಲಿ ಸರಕಾರ ಅದನ್ನು ಮುಚ್ಚಲು ಆಜ್ಞೆ ಮಾಡಿತು. ಹಳ್ಳಿಗರು ತಮ್ಮ ನೀರಿಗಾಗಿ ಕೂತದ್ದು ಸರಿ. ಆದರೆ ಆ ಗೇಟಿನೊಳಗೆ ದುಡಿಯುತ್ತಿದ್ದವರ ಅನ್ನದ ಮಾತನ್ನು ಯಾರು ಎತ್ತಬೇಕಿತ್ತು? ಹಳ್ಳಿಗರು ಒಂದು ಕಡೆ, ಕೆಲಸಗಾರರು ಇನ್ನೊಂದು ಕಡೆ ನಿಂತರೆ ನಡುವೆ ಮಾಲಿಕ ಸುಖವಾಗಿ ನಡೆದುಹೋಗುತ್ತಾನೆ.

ಆದುದರಿಂದ ನನ್ನ ಅಭಿಪ್ರಾಯ ಇದು: ಬಾಯಿ ಮುಚ್ಚಿಕೊಂಡಿರುವುದೂ ಬೇಡ, ಒಬ್ಬನನ್ನೇ ಮುಂದೆ ನೂಕುವುದೂ ಬೇಡ. ದೂರು ಸಂಘದ ದೂರಾಗಬೇಕು.

ಮೊದಲನೆಯದು, ಯಾವ ಕೆಲಸಗಾರನ ಹೆಸರೂ ಹೊರಗೆ ಹೋಗಕೂಡದು. ಅವನು ಕಂಡದ್ದನ್ನು, ತಾರೀಖು, ಪಾಳಿ, ಹೊತ್ತು, ನೀರಿನ ಬಣ್ಣ, ವಾಸನೆ ಸಮೇತ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಬರೆಯಲು ಬಾರದವನದನ್ನು ಇನ್ನೊಬ್ಬರು ಬರೆಯಬೇಕು. ಡೆನ್ವರಿನಲ್ಲಿ ಸೈನ್ಯವನ್ನು ಮಣಿಸಿದ್ದು ಮದ್ದುಗುಂಡಲ್ಲ, ತಾರೀಖು ಹಾಕಿದ ಎರಡು ಸಾಲು ಲೆಕ್ಕ.

ಎರಡನೆಯದು, ಸಂಘದ ಕಾಗದದ ಮೇಲೆ, ಕಾರ್ಯದರ್ಶಿಯ ಸಹಿಯಿಂದ, ಪ್ರದೂಷಣ ನಿಯಂತ್ರಣ ಮಂಡಳಕ್ಕೆ ಬರೆಯಬೇಕು. ಸುತ್ತಲಿನ ಬಾವಿಗಳ ನೀರನ್ನು, ಊರ ಪಂಚಾಯತಿಯವರ ಎದುರಿನಲ್ಲಿ ತೆಗೆದು ಪರೀಕ್ಷಿಸಬೇಕೆಂದು ಕೇಳಬೇಕು. ಮಂಡಳ ಮಲಗಿದರೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಪಶ್ಚಿಮ ಪೀಠ ಪುಣೆಯಲ್ಲಿದೆ. ಪುಣೆಯಲ್ಲಿ ನಮ್ಮ ಬಂಧುಗಳ ಸಂಘವೂ ಇದೆ.

ಮೂರನೆಯದು, ಬೋರ್‌ವೆಲ್ಲಿಗೆ ಬೀಗ ಬೀಳಲಿ, ಕಾರಖಾನೆಗಲ್ಲ ಎಂದು ಸ್ಪಷ್ಟವಾಗಿ ಬರೆಯಬೇಕು. ಶುದ್ಧೀಕರಣದ ವ್ಯವಸ್ಥೆ ಆಗುವವರೆಗೆ ಕೆಲಸ ನಿಂತರೆ, ನಿಂತ ದಿನಗಳ ಪಗಾರ ಮಾಲಿಕ ಕೊಡಬೇಕು. ಕಾಯಂ ಜನರಿಗೆ ಮಾತ್ರವಲ್ಲ, ಕಂತ್ರಾಟಿನವರಿಗೂ. ಕೆಡಿಸಿದವನೇ ಖರ್ಚು ಕೊಡಬೇಕೆಂದು ಕೋರ್ಟು ಹೇಳಿದ್ದರಲ್ಲಿ ನಮ್ಮ ಪಗಾರವೂ ಒಂದು ಖರ್ಚೇ. ಈ ಬೇಡಿಕೆ ಮುಂದಿಡಬೇಕಾದರೆ ಇಂದಿನಿಂದಲೇ ಪ್ರತಿಯೊಬ್ಬನೂ ತನ್ನ ಹಾಜರಿ ಚೀಟಿ, ಪಗಾರ ಚೀಟಿ ಕೇಳಿ ಇಟ್ಟುಕೊಳ್ಳಬೇಕು.

ನಾಲ್ಕನೆಯದು, ಆ ಊರಿನವರ ಬಳಿಗೆ ನಾವೇ ಮೊದಲು ಹೋಗಬೇಕು. ಅವರು ಧರಣಿ ಕೂತ ಮೇಲೆ ಹೋದರೆ ಮಾಲಿಕನ ಜನರೆಂದು ಕಲ್ಲು ಹೊಡೆಯುತ್ತಾರೆ. ಮೊದಲೇ ಹೋದರೆ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ.

ಭೋಪಾಲದ ದುರಂತವಾದ ಮೇಲೆ, 1987ರಲ್ಲಿ, ಅಪಾಯಕಾರಿ ಕಾರಖಾನೆಯ ಕೆಲಸಗಾರನಿಗೆ ಅಪಾಯದ ವಿಷಯ ತಿಳಿದುಕೊಳ್ಳುವ ಮತ್ತು ಅಪಾಯ ಕಂಡರೆ ಮೇಲಿನವರಿಗೆ ತಿಳಿಸುವ ಹಕ್ಕನ್ನು ಕಾರಖಾನೆ ಕಾಯಿದೆಯಲ್ಲಿ ಸೇರಿಸಲಾಯಿತು. ಸಾವಿರಾರು ಜನ ಸತ್ತ ಮೇಲೆ ಬಂದ ಹಕ್ಕು ಅದು. ಇತ್ತೀಚೆಗೆ ಹಳೆಯ ಕಾಯಿದೆಗಳನ್ನು ಒಟ್ಟುಗೂಡಿಸಿ ಸಂಹಿತೆಗಳೆಂದು ಹೊಸ ಹೆಸರು ಕೊಟ್ಟಿದ್ದಾರೆ. ಹೆಸರು ಏನೇ ಇರಲಿ, ಆ ಹಕ್ಕನ್ನು ನಾವು ಬಿಡಕೂಡದು. ಉಪಯೋಗಿಸದ ಹಕ್ಕು ಟ್ರಂಕಿನಲ್ಲಿಟ್ಟ ಮದುವೆಯ ಕೋಟಿನಂತೆ. ಹುಳ ತಿಂದದ್ದು ಗೊತ್ತಾಗುವುದು ಬೇಕೆಂದಾಗಲೇ.

ಹಾಗಾದರೆ ಹೊಲಸು ನೀರನ್ನು ಏನು ಮಾಡಬೇಕು, ಕಾರಖಾನೆ ನಡೆಯುವುದು ಬೇಡವೇ ಎಂದು ಕೇಳುವವರಿದ್ದಾರೆ. ನಡೆಯಬೇಕು. ಹುಟ್ಟುವ ಹೊಲಸನ್ನು ಮೊದಲು ಕಡಿಮೆ ಮಾಡುವ ವಿಧಾನಗಳಿವೆ, ಉಳಿದದ್ದನ್ನು ಶುದ್ಧಿ ಮಾಡಿ ತಿರುಗಿ ಬಳಸುವ ವಿಧಾನಗಳಿವೆ. ಅದರ ಖರ್ಚನ್ನು ಮಾಲಿನ ಬೆಲೆಯಲ್ಲಿ ಸೇರಿಸಬೇಕು. ಅಂಗಿಯ ಬಣ್ಣ ಎರಡು ರೂಪಾಯಿ ಹೆಚ್ಚಾದರೆ ಆಗಲಿ. ಈಗಲೂ ಆ ಎರಡು ರೂಪಾಯಿಯನ್ನು ಯಾರೋ ಕೊಡುತ್ತಲೇ ಇದ್ದಾರೆ. ಅಂಗಿ ಕೊಂಡವನಲ್ಲ, ಬಾವಿಯ ಬಳಿ ಕೊಡ ಹಿಡಿದು ನಿಂತವಳು.

ವಿಜಾಪುರದ ಆ ನಮ್ಮ ತಮ್ಮ ಈ ರವಿವಾರದ ಸಭೆಗೆ ಬರುತ್ತೇನೆಂದಿದ್ದಾರೆ. ಬಂದಾಗ ಅವರನ್ನು ಯಾರೂ ಕಾರಖಾನೆಯ ಹೆಸರು ಕೇಳಬೇಡಿ. "ಏನ್ ಮಾಡ್ಲಿ" ಎಂದು ಅವರು ಒಬ್ಬರೇ ಕೇಳಿದ್ದರು. ಏನು ಮಾಡೋಣವೆಂದು ನಾವೆಲ್ಲ ಕೂತು ತೀರ್ಮಾನಿಸೋಣ. ನಮ್ಮ ಹಿರಿಯರೂ ಬರಬೇಕು. ಅವರ ವಿರೋಧವಿದ್ದರೆ ಸಭೆಯಲ್ಲಿಯೇ ಹೇಳಲಿ, ಅವರು ಬರದೆ ನಾನು ನಿರ್ಣಯ ಮಂಡಿಸುವುದಿಲ್ಲ.